ಸಿಲಿಂಡರಿನ ಎತ್ತರ 16 ಬರಬೇಕಂತೆ, ನಮಗೆ 23 ಬರುತ್ತಿದೆ. ಎಲ್ಲಿ ತಪ್ಪಿದೆವು?

ಮಾದಾಪುರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಮಳೆ ರಜೆ. ಮೊನ್ನೆ ರಾತ್ರಿ ಹೋದ ಕರೆಂಟು ಇವತ್ತು ಮಧ್ಯಾಹ್ನ ಬಂತು, ಫೋನ್ ಸ್ವಲ್ಪ ಚಾರ್ಜ್ ಆದ ಕೂಡಲೇ ಇದನ್ನು ಬರೆಯುತ್ತಿದ್ದೇನೆ, ಮತ್ತೆ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಮಗಳು ಹತ್ತನೇ ಕ್ಲಾಸ್. ರಜೆ ಅಂತ ಟೀಚರ್ ಸುಮ್ನೆ ಬಿಡಲಿಲ್ಲ, ವಾಟ್ಸಾಪಿನಲ್ಲಿ ಲೆಕ್ಕದ ಶೀಟ್ ಕಳಿಸಿದ್ದಾರೆ. ಹನ್ನೊಂದನೇ ಲೆಕ್ಕ ಹೀಗಿದೆ:

ಒಂದು ಸಿಲಿಂಡರಿನ ಪೂರ್ಣ ಮೇಲ್ಮೈ ವಿಸ್ತೀರ್ಣ 1012 ಚದರ ಸೆಂ.ಮೀ. ಪಾದದ ತ್ರಿಜ್ಯ 7 ಸೆಂ.ಮೀ. ಎತ್ತರ ಎಷ್ಟು?

ನಾನು ಓದಿದ್ದು ಕಾಮರ್ಸ್. ನೆನಪಿದ್ದದ್ದು ಒಂದೇ ಸೂತ್ರ, 2 × ಪೈ × ತ್ರಿಜ್ಯ × ಎತ್ತರ. ಪೈಗೆ 22/7 ಹಾಕಿದರೆ 2 × 22/7 × 7 = 44. 1012ನ್ನು 44ರಿಂದ ಭಾಗಿಸಿದೆ, 23 ಬಂತು, ಶೇಷ ಕೂಡ ಇಲ್ಲ. ಇಷ್ಟು ಚೆನ್ನಾಗಿ ಭಾಗ ಹೋದ ಮೇಲೆ ಸರಿಯೇ ಇರಬೇಕು ಅಂದುಕೊಂಡೆ. ಶೀಟಿನ ಕೊನೆಯಲ್ಲಿ ಉತ್ತರ 16 ಅಂತ ಇದೆ. ಮನೆಯವರು ಪ್ರಿಂಟ್ ತಪ್ಪಿರಬೇಕು ಅನ್ನುತ್ತಾರೆ. ಮಗಳು ಸೂತ್ರ ತಪ್ಪು ಅನ್ನುತ್ತಾಳೆ, ಯಾಕೆ ಅಂದರೆ ಹೇಳಲು ಬರುವುದಿಲ್ಲ.

ದಯವಿಟ್ಟು ಇನ್ನೊಂದು ಸೂತ್ರ ಕೊಟ್ಟು ಹೋಗಬೇಡಿ. ಅದು ಅವಳಿಗೂ ಬಾಯಿಪಾಠ ಇದೆ. 23ಕ್ಕೂ 16ಕ್ಕೂ ನಡುವಿನ ಆ 7 ಎಲ್ಲಿಗೆ ಹೋಯಿತು ಅಂತ ತಿಳಿಯಬೇಕು.


ಕುಶಾಲನಗರದ ಡಿಗ್ರಿ ಹುಡುಗ:

ಅಕ್ಕ, ನೀವು ಹಾಕಿದ್ದು ಪಾರ್ಶ್ವ ಮೇಲ್ಮೈ ಸೂತ್ರ. ಲೆಕ್ಕದಲ್ಲಿ ಇರುವುದು ಪೂರ್ಣ ಮೇಲ್ಮೈ. 2 × ಪೈ × ತ್ರಿಜ್ಯ × (ತ್ರಿಜ್ಯ + ಎತ್ತರ) ಹಾಕಿ. 44 × (7 + ಎತ್ತರ) = 1012. ಆವರಣದ ಒಳಗೆ 23 ಬರುತ್ತೆ, 7 ಕಳೆದರೆ 16. ಮುಗೀತು.


ಮಾದಾಪುರದ ಅಮ್ಮ:

ಸೂತ್ರ ಬೇಡ ಅಂದೆ ಅಲ್ವಾ ತಮ್ಮಾ :)


ವಿರಾಜಪೇಟೆಯ ಮೇಷ್ಟ್ರು:

ತಮ್ಮ ಹೇಳಿದ್ದು ಸರಿಯಾಗಿಯೇ ಇದೆ, ಆದರೆ ಕೇಳಿದವರಿಗೆ ಬೇಕಾದದ್ದು ಅದಲ್ಲ. ನಾನು ರಿಟೈರ್ ಆದವನು, ಮಳೆಯಲ್ಲಿ ಬೇರೆ ಕೆಲಸವೂ ಇಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ.

ಅಮ್ಮ, ಮನೆಯಲ್ಲಿ ಒಂದು ಹಾಲಿನಪುಡಿ ಡಬ್ಬಿ ಇದ್ದರೆ ತೆಗೆದುಕೊಳ್ಳಿ. ಸುತ್ತ ಅಂಟಿಸಿದ ಕಾಗದವನ್ನು ಮೇಲಿಂದ ಕೆಳಗೆ ನೇರವಾಗಿ ಕತ್ತರಿಸಿ, ಬಿಡಿಸಿ, ಮೇಜಿನ ಮೇಲೆ ಹಾಸಿ. ಅದೊಂದು ಆಯತ. ಅದರ ಒಂದು ಬದಿ ಡಬ್ಬಿಯ ಸುತ್ತಳತೆ, ಇನ್ನೊಂದು ಬದಿ ಡಬ್ಬಿಯ ಎತ್ತರ. ತ್ರಿಜ್ಯ 7 ಇದ್ದರೆ ಸುತ್ತಳತೆ 44. ನೀವು 1012ನ್ನು 44ರಿಂದ ಭಾಗಿಸಿದಿರಿ ಅಂದರೆ ಸಿಕ್ಕಿದ ಅಷ್ಟೂ ತಗಡನ್ನು ಆ ಸುತ್ತುಗೋಡೆಗೇ ಖರ್ಚು ಮಾಡಿಬಿಟ್ಟಿರಿ. ತಳಕ್ಕೂ ಮುಚ್ಚಳಕ್ಕೂ ಏನೂ ಉಳಿಯಲಿಲ್ಲ. ಅದಕ್ಕೇ ಡಬ್ಬಿ ಎತ್ತರ ಬೆಳೆದು 23 ಆಯಿತು.

ಈಗ ಮೂರು ವಸ್ತು ನೆನಪು ಮಾಡಿಕೊಳ್ಳಿ. ಎರಡೂ ಕಡೆ ತೂತಾದ ಬಿದಿರಿನ ಕೊಳವೆ. ಅಕ್ಕಿ ಅಳೆಯುವ ಸೇರು, ಅದಕ್ಕೆ ತಳ ಮಾತ್ರ ಇರುತ್ತದೆ. ಮುಚ್ಚಳ ಹಾಕಿದ ಡಬ್ಬಿ. ಮೂರೂ ಸಿಲಿಂಡರೇ, ಮೂರಕ್ಕೂ ತ್ರಿಜ್ಯ 7 ಇರಲಿ, ಮೂರಕ್ಕೂ 1012 ಚದರ ಸೆಂ.ಮೀ. ತಗಡೇ ಕೊಡೋಣ. ಒಂದು ವೃತ್ತಕ್ಕೆ 22/7 × 7 × 7 = 154 ಬೇಕು. ಕೊಳವೆಗೆ ವೃತ್ತವೇ ಬೇಡ, 1012 ÷ 44 = 23. ಸೇರಿಗೆ ಒಂದು ವೃತ್ತ, ಉಳಿದದ್ದು 858, ಅದನ್ನು 44ರಿಂದ ಭಾಗಿಸಿದರೆ 19.5. ಡಬ್ಬಿಗೆ ಎರಡು ವೃತ್ತ, ಅಂದರೆ 308 ಹೋಯಿತು, ಉಳಿದದ್ದು 704, ಎತ್ತರ 16.

23, 19.5, 16. ನೋಡಿದಿರಾ? ಒಂದೊಂದು ವೃತ್ತ ಬಂದಾಗಲೂ ಎತ್ತರದಲ್ಲಿ ಸರಿಯಾಗಿ 3.5 ಕಡಿಮೆ ಆಗುತ್ತಿದೆ. 3.5 ಅಂದರೆ ತ್ರಿಜ್ಯದ ಅರ್ಧ. ಇದು 7ಕ್ಕೆ ಮಾತ್ರ ಆಗುವುದಲ್ಲ, ಯಾವ ಸಿಲಿಂಡರ್ ತೆಗೆದುಕೊಂಡರೂ ಒಂದು ತಳ ಅಥವಾ ಮುಚ್ಚಳ ಅರ್ಧ ತ್ರಿಜ್ಯದಷ್ಟು ಎತ್ತರ ತಿನ್ನುತ್ತದೆ. ನಿಮ್ಮ ಕಳೆದುಹೋದ 7 ಅಂದರೆ ಇದೇ, ಎರಡು ಮೂರೂವರೆ.

ಯಾಕೆ ಅರ್ಧ ತ್ರಿಜ್ಯ? ಒಂದು ಅಕ್ಕಿರೊಟ್ಟಿಯನ್ನು ನಡುವಿನಿಂದ ಸಣ್ಣ ಸಣ್ಣ ತ್ರಿಕೋನದ ತುಂಡುಗಳಾಗಿ ಕತ್ತರಿಸಿ, ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಜೋಡಿಸುತ್ತಾ ಹೋಗಿ. ತುಂಡು ಸಣ್ಣದಾದಷ್ಟೂ ಅದು ಒಂದು ಪಟ್ಟಿಯ ಹಾಗೆ ಕಾಣುತ್ತದೆ. ಪಟ್ಟಿಯ ಉದ್ದ ಸುತ್ತಳತೆಯ ಅರ್ಧ, ಅಗಲ ತ್ರಿಜ್ಯ. 22 × 7 = 154, ಅಲ್ಲಿಗೆ ಸರಿ ಆಯಿತು. ಆ ಪಟ್ಟಿಯನ್ನೇ ಉದ್ದಕ್ಕೆ ಸೀಳಿ ಒಂದರ ಮುಂದೆ ಒಂದು ಇಟ್ಟರೆ ಪೂರ್ತಿ ಸುತ್ತಳತೆ ಉದ್ದ, ಅರ್ಧ ತ್ರಿಜ್ಯ ಅಗಲ. ಅದನ್ನು ಡಬ್ಬಿಯ ಸುತ್ತ ಸುತ್ತಿದರೆ 3.5 ಸೆಂ.ಮೀ. ಎತ್ತರದ ಉಂಗುರ. ಸುತ್ತಳತೆಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ ಅಂತ ಆರ್ಯಭಟ 499ರಲ್ಲೇ ಬರೆದಿಟ್ಟಿದ್ದಾನೆ. ನಾನು ಪಾಠ ಮಾಡುವಾಗ ಸೂತ್ರಕ್ಕಿಂತ ಮೊದಲು ಈ ರೊಟ್ಟಿ ತೋರಿಸುತ್ತಿದ್ದೆ, ಕೊನೆಗೆ ತಿನ್ನುವುದಕ್ಕೂ ಆಗುತ್ತಿತ್ತು.

ಆದ್ದರಿಂದ ಮಗಳಿಗೆ ಹೇಳಿ, ಲೆಕ್ಕ ಓದಿದ ಕೂಡಲೇ ಮೊದಲು ಕೇಳಬೇಕಾದದ್ದು ಒಂದೇ: ಎಷ್ಟು ವೃತ್ತ? ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸು, ವೃತ್ತಕ್ಕೊಂದರಂತೆ ಅರ್ಧ ತ್ರಿಜ್ಯ ಕಳಿ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಸೂತ್ರ ಬರೆದೇ ಬಿಡಿಸಲಿ, ಪೇಪರ್ ತಿದ್ದುವವರಿಗೆ ರೊಟ್ಟಿ ಕಥೆ ಓದಲು ಪುರುಸೊತ್ತು ಇರುವುದಿಲ್ಲ.


ಗೋಣಿಕೊಪ್ಪಲಿನ ಅಕ್ಕ:

ನಮ್ಮ ಮನೆಯಲ್ಲೂ ಇದೇ ಶೀಟ್! ನನ್ನ ಮಗನಿಗೆ ಎತ್ತರ ಮೈನಸ್ 2.5 ಬಂದಿದೆ. ಅವನು ಸೂತ್ರ ಸರಿಯಾಗಿಯೇ ಹಾಕಿದ್ದಾನೆ, ಎರಡು ಸಲ ನೋಡಿದೆ. ಡಬ್ಬಿ ಭೂಮಿಯ ಒಳಗೆ ಹೋಗಿದೆ ಅಂತ ನಗುತ್ತಿದ್ದಾನೆ.


ವಿರಾಜಪೇಟೆಯ ಮೇಷ್ಟ್ರು:

ಅವನು 7ರ ಬದಲು 14 ಹಾಕಿದ್ದಾನೆ ತಾಯಿ. 2 × 22/7 × 14 = 88. 1012 ÷ 88 = 11.5. ಅದರಲ್ಲಿ 14 ಕಳೆದರೆ ಮೈನಸ್ 2.5. ಯಾವ ಲೆಕ್ಕದಲ್ಲಿ ವ್ಯಾಸ ಕೊಟ್ಟಿದ್ದಾರೆ, ಯಾವುದರಲ್ಲಿ ತ್ರಿಜ್ಯ, ಅದನ್ನು ಒಮ್ಮೆ ನೋಡಲು ಹೇಳಿ. ಎತ್ತರ ಮೈನಸ್ ಬಂತು ಅಂದರೆ ಎರಡು ವೃತ್ತಕ್ಕೇ ತಗಡು ಸಾಲಲಿಲ್ಲ ಅಂತ ಅರ್ಥ. ತ್ರಿಜ್ಯ 14 ಇದ್ದರೆ ಎರಡು ವೃತ್ತಕ್ಕೇ 1232 ಬೇಕು, ಇರುವುದು 1012. ಗೋಡೆ ಎಲ್ಲಿಂದ ಬರಬೇಕು?


ಗೋಣಿಕೊಪ್ಪಲಿನ ಅಕ್ಕ:

ಹೌದು ಸರ್, ಹತ್ತನೇ ಲೆಕ್ಕದಲ್ಲಿ ವ್ಯಾಸ 14. ಅದನ್ನೇ ಎತ್ತಿಕೊಂಡು ಬಂದಿದ್ದಾನೆ. ನಗು ನಿಂತಿದೆ.


ಮಾದಾಪುರದ ಅಮ್ಮ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಓದಿದಳು. ಸೇರಿನ 19.5 ಅವಳೇ ಮಾಡಿ ನೋಡಿದಳು. ಈಗ ಅವಳದ್ದೇ ಪ್ರಶ್ನೆ: ಎತ್ತರ 16 ಅಂತ ಕೊಟ್ಟು ತ್ರಿಜ್ಯ ಕೇಳಿದರೆ ಏನು ಮಾಡುವುದು? ಆಗ ಸುತ್ತಳತೆಯೇ ಗೊತ್ತಿರುವುದಿಲ್ಲ, ಯಾವುದರಿಂದ ಭಾಗಿಸುವುದು?


ವಿರಾಜಪೇಟೆಯ ಮೇಷ್ಟ್ರು:

ಒಳ್ಳೇ ಪ್ರಶ್ನೆ, ಹುಡುಗಿ ಚುರುಕಿದ್ದಾಳೆ. ಇಲ್ಲಿ ಸುಮ್ನೆ ಭಾಗಿಸಿದರೆ ಆಗುವುದಿಲ್ಲ, ಯಾಕೆಂದರೆ ತ್ರಿಜ್ಯ ಎರಡು ಕಡೆ ಅಡಗಿದೆ, ಗೋಡೆಯಲ್ಲೂ ಇದೆ, ವೃತ್ತದಲ್ಲೂ ಇದೆ. 1012ನ್ನು 2 × 22/7ರಿಂದ ಭಾಗಿಸಿದರೆ 161. ಅಂದರೆ ತ್ರಿಜ್ಯ × (ತ್ರಿಜ್ಯ + 16) = 161. ಬಾಯಿಮಾತಿನಲ್ಲಿ ಹೇಳಿದರೆ, ಎರಡು ಸಂಖ್ಯೆ ಬೇಕು, ಒಂದಕ್ಕಿಂತ ಇನ್ನೊಂದು 16 ಜಾಸ್ತಿ, ಗುಣಿಸಿದರೆ 161. 161 = 7 × 23. ಸಿಕ್ಕಿತು. ತ್ರಿಜ್ಯ 7.

ಹೀಗೆ ಕಣ್ಣಿಗೆ ಬೀಳದಿದ್ದರೆ ವರ್ಗ ಪೂರ್ಣ ಮಾಡಬೇಕು. ಎತ್ತರದ ಅರ್ಧ 8, ಅದರ ವರ್ಗ 64. ಎರಡೂ ಕಡೆ 64 ಸೇರಿಸಿದರೆ (ತ್ರಿಜ್ಯ + 8)ರ ವರ್ಗ = 225. 225ರ ವರ್ಗಮೂಲ 15, ಅದರಲ್ಲಿ 8 ಕಳೆದರೆ 7. ವರ್ಗಮೂಲ ಮೈನಸ್ 15 ಕೂಡ ಆಗಬಹುದು, ಆಗ ತ್ರಿಜ್ಯ ಮೈನಸ್ 23. ಅಂಥ ಡಬ್ಬಿ ಇರುವುದಿಲ್ಲ, ಬಿಟ್ಟುಬಿಡಿ. ಆದರೆ ಹಳೆಯ ನೆಂಟ 23 ಮತ್ತೆ ಮುಖ ತೋರಿಸಿತು ನೋಡಿ. ಅಮ್ಮ ಮೊದಲು ಕಂಡುಹಿಡಿದ ಆ 23 ಅಂದರೆ ತ್ರಿಜ್ಯ ಮತ್ತು ಎತ್ತರದ ಮೊತ್ತ.

ಇನ್ನೊಂದು ಮಾತು. 22/7 ಅಂತ ಹೇಳಿದ್ದಾರೋ 3.14 ಅಂತ ಹೇಳಿದ್ದಾರೋ ನೋಡಿಕೊಳ್ಳಲಿ. ಇದೇ ಲೆಕ್ಕಕ್ಕೆ 3.14 ಹಾಕಿದರೆ ಎತ್ತರ 16.02 ಬರುತ್ತದೆ, ಮಕ್ಕಳು ತಪ್ಪಾಯಿತು ಅಂತ ಅಳಿಸಿಬಿಡುತ್ತಾರೆ. 22/7 ಕೂಡ ನಿಖರವಾದ ಪೈ ಅಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ಎರಡನ್ನೂ ಕೊಟ್ಟಿದ್ದಾರೆ, ವ್ಯವಹಾರಕ್ಕೆ 22/7, ಸೂಕ್ಷ್ಮವಾಗಿ ಬೇಕಾದರೆ 3927/1250.


ತಗಡು ಕೆಲಸದವನು, ಸೋಮವಾರಪೇಟೆ:

ನಾನು ವೆಲ್ಡಿಂಗ್ ಶಾಪ್ ಇಟ್ಟಿದ್ದೇನೆ, ಡ್ರಮ್, ಹಂಡೆ ಒಲೆಯ ಚಿಮಣಿ, ಎಲ್ಲಾ ಮಾಡುತ್ತೇವೆ. ಮೇಷ್ಟ್ರು ಹೇಳಿದ್ದು ಓದಿ ಖುಷಿ ಆಯಿತು. ಆದರೆ ಶಾಪಿಗೆ ಬರುವವರು ಇದರ ಅರ್ಧ ಮಾತ್ರ ಹೇಳುತ್ತಾರೆ. "ಇಷ್ಟು ಚದರಡಿ ತಗಡು ಇದೆ, ಡ್ರಮ್ ಎಷ್ಟು ಎತ್ತರ ಬರುತ್ತೆ?" ಅಗಲ ಹೇಳಿ ಅಂದರೆ, ಅದು ನೀವೇ ನೋಡಿ ಅನ್ನುತ್ತಾರೆ. ಬರೀ ವಿಸ್ತೀರ್ಣದಿಂದ ಏನೂ ಸಿಗುವುದಿಲ್ಲ. 8 ಅಡಿಗೆ 4 ಅಡಿಯ ಒಂದು ಶೀಟ್ ತೆಗೆದುಕೊಳ್ಳಿ. 8 ಅಡಿಯ ಬದಿಯನ್ನು ಸುತ್ತಿದರೆ ಅಗಲ ಸುಮಾರು ಎರಡೂವರೆ ಅಡಿ, ಎತ್ತರ 4. 4 ಅಡಿಯ ಬದಿಯನ್ನು ಸುತ್ತಿದರೆ ಅಗಲ ಒಂದೂಕಾಲು ಅಡಿ, ಎತ್ತರ 8. ಎರಡರ ಗೋಡೆಯೂ 32 ಚದರಡಿಯೇ, ಆದರೆ ಗಿಡ್ಡ ಡ್ರಮ್ಮಿಗೆ ಉದ್ದದ್ದರ ಎರಡು ಪಟ್ಟು ನೀರು ಹಿಡಿಯುತ್ತದೆ. ನಂಬದಿದ್ದರೆ ಲೆಕ್ಕ ಹಾಕಿ. ಆದ್ದರಿಂದ ವಿಸ್ತೀರ್ಣದ ಜೊತೆ ಇನ್ನೊಂದು ಅಳತೆ ಬೇಕೇ ಬೇಕು. ಎತ್ತರ ತ್ರಿಜ್ಯದ ಎರಡರಷ್ಟು, ಅನ್ನುವ ತರದ ಒಂದು ಸುಳಿವಾದರೂ ಸಾಕು.

ಮತ್ತೆ, ಪುಸ್ತಕದ ಸಿಲಿಂಡರಿಗೆ ಜೋಡಣೆ ಇಲ್ಲ, ನಮ್ಮದಕ್ಕೆ ಇದೆ. ಶೀಟಿನ ಅಂಚು ಒಂದರ ಮೇಲೆ ಒಂದು ಒಂದು ಇಂಚಾದರೂ ಕೂರಬೇಕು. 96 ಇಂಚಿನಲ್ಲಿ ಸುತ್ತಳತೆಗೆ ಸಿಗುವುದು 95. ಅಗಲ ಮೂವತ್ತೂವರೆ ಬರುವುದು ಮೂವತ್ತೂಕಾಲು ಆಗುತ್ತದೆ. ಈ ಕಾಲು ಇಂಚು ಮರೆತು ಮುಚ್ಚಳ ಮೊದಲೇ ಕತ್ತರಿಸಿಟ್ಟರೆ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಕು. ನಾನು ಕೂತಿದ್ದೇನೆ.


ಮಾದಾಪುರದ ಅಮ್ಮ:

ಅಣ್ಣ, ನಿಮ್ಮ ಮಾತು ಓದಿದ ಮೇಲೆ ನಮ್ಮ ಮನೆಯ ಒಂದು ಜಗಳ ನೆನಪಾಯಿತು. ಇದು ಹೋಮ್‌ವರ್ಕ್ ಅಲ್ಲ, ನಿಜವಾದದ್ದು.

ತೋಟದ ಮೇಲೆ ಗುಡ್ಡದಲ್ಲಿ ಮಾವನವರ ಕಾಲದ ಒಂದು ದುಂಡು ಸಿಮೆಂಟ್ ಟ್ಯಾಂಕ್ ಇದೆ. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವಾಗ ನೀರು ಅಲ್ಲಿಂದಲೇ. ಸೋರುತ್ತಿತ್ತು ಅಂತ ಮೇ ತಿಂಗಳಲ್ಲಿ ಒಳಗೆ ವಾಟರ್‌ಪ್ರೂಫ್ ಕೋಟಿಂಗ್ ಮಾಡಿಸಿದೆವು. ಕಂಟ್ರಾಕ್ಟರ್ ಬಿಲ್ಲಿನಲ್ಲಿ "ಒಳಮೈ 209 ಚದರಡಿ" ಅಂತ ಬರೆದು ಕೊಟ್ಟಿದ್ದಾರೆ, ಅಷ್ಟೇ. ಮಾವ ದಿನಾ ಮಳೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಿದ್ದ ಡೈರಿಯಲ್ಲಿ ಟ್ಯಾಂಕಿನ ಅಳತೆಯೂ ಇದೆ. ಒಳಗಿನ ಅಗಲ 7 ಅಡಿ. ಆಳ ಬರೆದಿದ್ದ ಜಾಗದಲ್ಲಿ ನೀರು ಬಿದ್ದು ಶಾಯಿ ಹರಡಿದೆ. ಅತ್ತೆ ಆಳ ಆರಡಿ ಅನ್ನುತ್ತಾರೆ, ಕಟ್ಟುವಾಗ ಅವರೇ ಕೆಲಸದವರಿಗೆ ಕಾಫಿ ಹೊತ್ತದ್ದು. ಮನೆಯವರು ಹತ್ತಿರ ಹತ್ತಿರ ಎಂಟು ಅನ್ನುತ್ತಾರೆ. ಹಾಗಾದರೆ ಬಿಲ್ ಸರಿಯೋ ತಪ್ಪೋ? ಬಾಕಿ ದುಡ್ಡು ಇನ್ನೂ ಕೊಟ್ಟಿಲ್ಲ. ಈಗ ಟ್ಯಾಂಕ್ ತುಂಬಿದೆ, ಹೋಗಿ ನೋಡೋಣ ಅಂದರೆ ದಾರಿ ತುಂಬಾ ಜಿಗಣೆ.


ಕುಶಾಲನಗರದ ಡಿಗ್ರಿ ಹುಡುಗ:

ಅಕ್ಕ, ತ್ರಿಜ್ಯ 3.5, ಸುತ್ತಳತೆ 22. 209 ÷ 22 = 9.5. ಈಗ ಮೇಷ್ಟ್ರ ಅರ್ಧ ತ್ರಿಜ್ಯ, 1.75. ಟ್ಯಾಂಕಿಗೆ ತಳ ಒಂದೇ ಅಲ್ವಾ, ಒಂದು ಸಲ ಕಳೆದರೆ 7.75. ಭಾವನ ಎಂಟಡಿಗೆ ಹತ್ತಿರ. ಅತ್ತೆ ಹೇಳಿದ ಆರಡಿ ನಿಜ ಆದರೆ ಬರಬೇಕಾದದ್ದು 132 + 38.5 = 170.5 ಚದರಡಿ. 38.5 ಜಾಸ್ತಿ ಬರೆದಿದ್ದಾರೆ. ಫೋನ್ ಮಾಡಿ ಕೇಳಿ!


ತಗಡು ಕೆಲಸದವನು, ಸೋಮವಾರಪೇಟೆ:

ತಮ್ಮಾ, ನಿಲ್ಲು. ಜಾಸ್ತಿ ಆಗಿದೆ ಅಂದ ಆ 38.5 ಎಷ್ಟು ಅಂತ ನೋಡು. ಸರಿಯಾಗಿ ಒಂದು ವೃತ್ತ. ಕಣ್ಣಂದಾಜಿಗೆ ಬಿಲ್ ಏರಿಸುವವರು ಇಷ್ಟು ಲೆಕ್ಕವಾಗಿ ಏರಿಸುವುದಿಲ್ಲ. ಅಕ್ಕ, ಟ್ಯಾಂಕಿನ ಮೇಲೆ ಏನಿದೆ? ಜಿಂಕ್ ಶೀಟಾ, ಸ್ಲ್ಯಾಬಾ?


ಮಾದಾಪುರದ ಅಮ್ಮ:

ಸ್ಲ್ಯಾಬ್. ನಡುವೆ ಎರಡಡಿ ಚೌಕದ ಮ್ಯಾನ್‌ಹೋಲ್ ಇದೆ.


ವಿರಾಜಪೇಟೆಯ ಮೇಷ್ಟ್ರು:

ಹಾಗಾದರೆ ಪ್ರಶ್ನೆ ಹಳೆಯದೇ: ಎಷ್ಟು ವೃತ್ತ? ಸ್ಲ್ಯಾಬಿನ ಅಡಿಗೂ ಕೋಟಿಂಗ್ ಹಚ್ಚಿದ್ದರೆ ಇನ್ನೊಂದು 1.75 ಕಳೆಯಬೇಕು. 7.75ರಲ್ಲಿ 1.75 ಹೋದರೆ 6. ಅತ್ತೆಯ ಆರಡಿಯೂ ಸರಿ, ಬಿಲ್ಲೂ ಸರಿ. ಹಚ್ಚದೇ ಇದ್ದು ಆಳ ಏಳೂಮುಕ್ಕಾಲು ಅಡಿ ಇದ್ದರೂ ಬಿಲ್ ಸರಿಯೇ. ಆಳ ಆರಡಿ ಇದ್ದು, ಸ್ಲ್ಯಾಬಿಗೂ ಹಚ್ಚಿಲ್ಲ ಅಂದರೆ ಮಾತ್ರ ಕೇಳಬೇಕಾದದ್ದು ಇದೆ. ಕಾಗದದ ಮೇಲೆ ಇದಕ್ಕಿಂತ ಮುಂದೆ ಹೋಗಲು ಆಗುವುದಿಲ್ಲ. ಮಳೆ ಸ್ವಲ್ಪ ಬಿಟ್ಟಾಗ ಒಂದು ದೋಟಿ, ಒಂದು ಟಾರ್ಚ್, ಒಂದು ಪೊಟ್ಟಣ ಉಪ್ಪು ಹಿಡಿದು ಯಾರಾದರೂ ಹೋಗಿ ಬನ್ನಿ. ದೋಟಿ ತಳ ಮುಟ್ಟುವವರೆಗೆ ಇಳಿಸಿ, ಸ್ಲ್ಯಾಬಿನ ಅಡಿಮೈಯ ಮಟ್ಟಕ್ಕೆ ಗುರುತು ಹಾಕಿ. ನೀರಿನ ಮಟ್ಟಕ್ಕೆ ಅಲ್ಲ.


ಮಾದಾಪುರದ ಅಮ್ಮ:

ನಿನ್ನೆ ಸಂಜೆ ಒಂದು ಗಂಟೆ ಮಳೆ ಬಿಟ್ಟಿತ್ತು. ಮನೆಯವರೂ ಮಗಳೂ ಹೋಗಿ ಬಂದರು. ಮಗಳು ಟಾರ್ಚ್ ಬಿಟ್ಟು ನೋಡಿದಳಂತೆ, ಸ್ಲ್ಯಾಬಿನ ಅಡಿಯೂ ಗೋಡೆಯ ಹಾಗೆಯೇ ಬೂದು ಬಣ್ಣಕ್ಕೆ ಇದೆ, ಅಂಚಿನವರೆಗೂ ಹಚ್ಚಿದ್ದಾರೆ. ದೋಟಿಗೆ ಹಾಕಿದ ಗುರುತು ಟೇಪ್ ಹಿಡಿದು ಅಳೆದರೆ ಆರಡಿ, ಒಂದು ಬೆರಳು ಆಚೆ ಈಚೆ. ಅತ್ತೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕಣಿಲೆ ಪಲ್ಯ ಬಡಿಸುವಾಗ ಮಗನಿಗೆ ಮಾತ್ರ ಒಂದು ಸೌಟು ಕಡಿಮೆ ಹಾಕಿದರು.

ಫೋನ್ ಮಾಡಿ ಬೈಯದೇ ಇದ್ದದ್ದು ಒಳ್ಳೇದಾಯಿತು. ಬಾಕಿ ದುಡ್ಡು ಸೋಮವಾರ ಕೊಡುತ್ತೇವೆ.


ಕುಶಾಲನಗರದ ಡಿಗ್ರಿ ಹುಡುಗ:

ನಾನು ಅವಸರ ಮಾಡಿದೆ, ಒಪ್ಪುತ್ತೇನೆ. ಆದರೂ ಅಕ್ಕ, ಮ್ಯಾನ್‌ಹೋಲ್ ಇರುವ ಕಡೆ ಕೋಟಿಂಗ್ ಇಲ್ಲವಲ್ಲ. 2 × 2 = 4 ಚದರಡಿ ಕಳೆಯಬೇಕು. 205!


ಮಾದಾಪುರದ ಅಮ್ಮ:

ಮಗಳೂ ಅದನ್ನೇ ಹೇಳಿದಳು. ಮ್ಯಾನ್‌ಹೋಲಿನ ಕಟ್ಟೆಯ ಒಳಬದಿಗೂ ಹಚ್ಚಿದ್ದಾರಂತೆ, ಅರ್ಧ ಅಡಿ ಎತ್ತರ, ಸುತ್ತ ಎಂಟಡಿ. ಅವಳೇ ಲೆಕ್ಕ ಹಾಕಿದಳು, ಸರಿಯಾಗಿ 4. ಅಲ್ಲಿಗಲ್ಲಿಗೆ ಆಯಿತು.

ಹನ್ನೆರಡನೇ ಲೆಕ್ಕ ಶಂಕುವಿನದ್ದು. ಕರೆಂಟು ಇದ್ದರೆ ನಾಳೆ ಕೇಳುತ್ತೇನೆ.